ವ್ಲಾಸೆನಿತ್ಸಾದ ನೋನಾ

ಬೊಸ್ನಿಯಾದ ಪೂರ್ವ ಭಾಗದಲ್ಲಿ ವ್ಲಾಸೆನಿತ್ಸಾ ಎಂಬ ಸಣ್ಣ ಬೆಟ್ಟದೂರಿದೆ. ಎರಡನೇ ಮಹಾಯುದ್ಧದ ಮೊದಲು ಆ ಊರಿನಲ್ಲಿ ಬೆರ್ತಾ ಅಲ್ತಾರಾತ್ಸ್ ಎಂಬ ಯಹೂದಿ ಅಜ್ಜಿ ಬಾಳಿದರು. ಅವರ ಹೆಸರಿನಲ್ಲಿ ಪುಸ್ತಕವಿಲ್ಲ, ಅವರ ದನಿಯ ಮುದ್ರಣವೂ ಇಲ್ಲ. ಇಂದು ಅವರ ಬಗ್ಗೆ ಲೋಕಕ್ಕೆ ತಿಳಿದಿರುವುದೆಲ್ಲ ಒಬ್ಬ ಮೊಮ್ಮಗಳ ಬಾಯಿಂದ ಬಂದದ್ದು, ಅದರಲ್ಲೂ ಹೆಚ್ಚಿನದು ಹಾಡಿನ ರೂಪದಲ್ಲಿ. ಮೊಮ್ಮಗಳ ಹೆಸರು ಫ್ಲೋರಿ ಜಗೋಡಾ. ಅವರು 1923ರ ಡಿಸೆಂಬರ್ 21ರಂದು ಸಾರಯೇವೊ ನಗರದಲ್ಲಿ ಹುಟ್ಟಿ 2021ರ ಜನವರಿ 29ರಂದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ತೀರಿಕೊಂಡರು. ತೊಂಬತ್ತೇಳು ವರ್ಷದ ಆ ಬದುಕಿನಲ್ಲಿ ಅಜ್ಜಿಯ ಮಡಿಲಲ್ಲಿ ಕಳೆದದ್ದು ಬಾಲ್ಯದ ಕೆಲವೇ ವರ್ಷ. ಮುಂದಿನ ಹಾಡುಗಾರಿಕೆಗೆಲ್ಲ ಬಂಡವಾಳವಾದದ್ದು ಆ ಕೆಲವು ವರ್ಷಗಳೇ.

ಆ ಮನೆಯಲ್ಲಿ ಅಜ್ಜಿಗೆ ನೋನಾ ಎನ್ನುತ್ತಿದ್ದರು. ಪದ ಇಟಲಿಯ ಕಡೆಯಿಂದ ಬಂದದ್ದು. ಉಳಿದ ಮಾತು ಬಹುಪಾಲು ಸ್ಪೇನಿನದು. ಬೊಸ್ನಿಯಾದ ಯಹೂದಿಗಳು ಬಹುಪಾಲು ಸೆಫಾರ್ದಿಗಳು, ಎಂದರೆ ಸ್ಪೇನ್ ಬಿಟ್ಟು ಬಂದವರ ಸಂತತಿ. 1492ರ ಮಾರ್ಚ್ 31ರಂದು ಸ್ಪೇನಿನ ರಾಣಿ ಇಸಾಬೆಲ್ ಮತ್ತು ರಾಜ ಫರ್ನಾಂಡೊ ಹೊರಡಿಸಿದ ಆಜ್ಞೆ ಯಹೂದಿಗಳ ಮುಂದೆ ಎರಡೇ ದಾರಿ ಇಟ್ಟಿತು: ಕ್ರೈಸ್ತರಾಗಿ ಉಳಿಯುವುದು, ಇಲ್ಲವೇ ಜುಲೈ ಮುಗಿಯುವುದರೊಳಗೆ ದೇಶ ಬಿಡುವುದು. ಬಿಟ್ಟವರಲ್ಲಿ ಅನೇಕರಿಗೆ ತುರ್ಕಿಯ ಸುಲ್ತಾನ ಎರಡನೇ ಬಾಯಜೀದ್ ತನ್ನ ರಾಜ್ಯದಲ್ಲಿ ಇಂಬು ಕೊಟ್ಟ. ಸಲೋನಿಕಾ, ಇಸ್ತಾಂಬುಲ್ ಮುಂತಾದ ಊರುಗಳಲ್ಲಿ ನೆಲೆ ನಿಂತವರ ಕೆಲವು ಕವಲುಗಳು ಹದಿನಾರನೆಯ ಶತಮಾನದಲ್ಲಿ ಸಾರಯೇವೊ ಸೇರಿದವು. ಅಲ್ಲಿಂದ ವ್ಯಾಪಾರ ಹಿಡಿದು ಒಂದೆರಡು ಮನೆಯಂತೆ ಸಣ್ಣ ಊರುಗಳಿಗೂ ಹರಡಿದವು. ಮುಸ್ಲಿಮರೂ ಸರ್ಬಿಯನ್ ಕ್ರೈಸ್ತರೂ ಹೆಚ್ಚಾಗಿದ್ದ ವ್ಲಾಸೆನಿತ್ಸಾದಲ್ಲಿ ಅಲ್ತಾರಾತ್ಸ್ ಮನೆತನ ಬೇರೂರಿದ್ದು ಹೀಗೆ.

ಕರ್ನಾಟಕದ ಕರಾವಳಿಯವರಿಗೆ ಈ ಕಥೆ ಪೂರಾ ಹೊಸದಲ್ಲ. ಅದೇ ಐಬೀರಿಯಾದ ಧರ್ಮವಿಚಾರಣೆಯ ವ್ಯವಸ್ಥೆ 1560ರಲ್ಲಿ ಪೋರ್ಚುಗೀಸರ ಮೂಲಕ ಗೋವಾಕ್ಕೂ ಬಂತು. ಅದರ ಕಾಲದಲ್ಲಿ ಗೋವಾ ಬಿಟ್ಟು ಕಾರವಾರದಿಂದ ಮಂಗಳೂರಿನವರೆಗೆ ನೆಲೆಸಿದ ಕೊಂಕಣಿಗರು, ಹಿಂದೂಗಳೂ ಕ್ರೈಸ್ತರೂ, ಸುತ್ತಲಿನ ಕನ್ನಡ ತುಳುಗಳ ನಡುವೆ ಮನೆಮಾತನ್ನು ಇಂದಿಗೂ ಕಾಪಾಡಿಕೊಂಡಿದ್ದಾರೆ. ನೆಲ ಬಿಟ್ಟವರ ಭಾಷೆಯನ್ನು ಅಡುಗೆಮನೆ ಮತ್ತು ತೊಟ್ಟಿಲು ಹೇಗೆ ಉಳಿಸುತ್ತವೆ ಎಂಬುದನ್ನು ಅಂಥ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೋನಾ ಆಡುತ್ತಿದ್ದ ಭಾಷೆಗೆ ಲಾಡಿನೊ ಅಥವಾ ಯಹೂದಿ-ಸ್ಪ್ಯಾನಿಷ್ ಎಂಬ ಹೆಸರಿದೆ. ಸ್ಪೇನಿನ ಸ್ಪ್ಯಾನಿಷ್ ಮುಂದಿನ ಶತಮಾನಗಳಲ್ಲಿ ಬಿಟ್ಟುಕೊಟ್ಟ ಕೆಲವು ಹಳೆಯ ಉಚ್ಚಾರಗಳು ಇದರಲ್ಲಿ ಹಾಗೆಯೇ ನಿಂತವು. ಹೀಬ್ರೂ ಮತ್ತು ತುರ್ಕಿ ಪದಗಳು, ಬೊಸ್ನಿಯಾದಲ್ಲಿ ಸ್ಲಾವಿಕ್ ಪದಗಳು ಬಂದು ಸೇರಿದವು. ಭಾನುವಾರಕ್ಕೆ ಸ್ಪೇನಿನವರು ಬಳಸುವ ಪದ ಪ್ರಭುವಿನ, ಎಂದರೆ ಕ್ರಿಸ್ತನ, ದಿನ ಎಂಬ ಅರ್ಥದ್ದಾದ್ದರಿಂದ ಇವರು ಅರಬ್ಬಿ ಮೂಲದ 'ಅಲ್ಹಾದ್' ಎಂದರು. ದೇವರಿಗೆ ಸ್ಪ್ಯಾನಿಷ್‌ನಲ್ಲಿರುವ 'ದಿಯೋಸ್' ಬಹುವಚನದಂತೆ ಕೇಳಿಸುತ್ತದೆಂದು ಕೊನೆಯ ಸಕಾರವನ್ನು ಕಳಚಿ 'ಎಲ್ ದಿಯೊ' ಎಂದು ಕರೆದರು. ದೇವರು ಒಬ್ಬನೇ ಎಂಬ ನಂಬಿಕೆ ವ್ಯಾಕರಣದ ತುದಿಯವರೆಗೂ ಇಳಿದಿತ್ತು. ಇನ್ನೊಂದು ಲಕ್ಷಣ ಅಕ್ಕರೆಗೆ ಸಂಬಂಧಿಸಿದ್ದು. ಪದದ ಕೊನೆಗೆ 'ಇಕೊ', 'ಇಕಾ' ಎಂದು ಹಚ್ಚಿದರೆ ಆ ವಸ್ತು ಪುಟ್ಟದಾಗುತ್ತದೆ, ಮುದ್ದೂ ಆಗುತ್ತದೆ. ಮೋಂಬತ್ತಿ ಪುಟ್ಟ ಮೋಂಬತ್ತಿಯಾಗುತ್ತದೆ, ಮರ ಪುಟ್ಟ ಮರವಾಗುತ್ತದೆ. ಈ ಪ್ರತ್ಯಯ ಫ್ಲೋರಿಯವರ ಹಾಡುಗಳ ತುಂಬ ಇದೆ, ಬಹಳ ತೂಕದ ಒಂದು ಹಾಡಿನ ಹೆಸರಿನಲ್ಲೂ ಇದೆ.

ಸೆಫಾರ್ದಿ ಸಮಾಜದಲ್ಲಿ ಹೀಬ್ರೂ ಪ್ರಾರ್ಥನೆ ಮತ್ತು ಧರ್ಮಗ್ರಂಥದ ಅಧ್ಯಯನ ಗಂಡಸರ ಪಾಲಿಗೆ ಬಂದರೆ, ಲಾಡಿನೊ ಹಾಡುಗಳು ಹೆಂಗಸರ ಪಾಲಿಗೆ ಬಂದವು. ಅವುಗಳಲ್ಲಿ ಮಧ್ಯಯುಗದ ಸ್ಪೇನಿನಿಂದ ಬಂದ ಕಥನಗೀತೆಗಳಿದ್ದವು. ರಾಜ, ರಾಣಿ, ಸೆರೆಸಿಕ್ಕ ರಾಜಕುಮಾರಿ, ಯುದ್ಧದಿಂದ ಗುರುತು ಮರೆಸಿಕೊಂಡು ಮರಳುವ ಗಂಡ, ಇಂಥ ಕಥೆಗಳನ್ನು ಬೊಸ್ನಿಯಾದ ಅಜ್ಜಿಯರು ಜೋಗುಳವಾಗಿ ಹಾಡಿ ಮಕ್ಕಳನ್ನು ಮಲಗಿಸುತ್ತಿದ್ದರು. ಅವರನ್ನು ಹೊರಹಾಕಿದ ಸ್ಪೇನ್ 1911ರಲ್ಲಿ ಆ ಹಾಡುಗಳನ್ನು ಹುಡುಕಿಕೊಂಡು ಬಂತು. ವಿದ್ವಾಂಸ ಮೆನೆಂದೆಸ್ ಪಿದಾಲ್ ಅವರ ಕೋರಿಕೆಯಂತೆ ಮಾನ್ರಿಕೆ ದೆ ಲಾರಾ ಎಂಬ ಸಂಗೀತಜ್ಞ ಸಾರಯೇವೊಗೆ ಬಂದು ಅಲ್ಲಿನ ಹೆಂಗಸರ ಬಾಯಿಂದ ಅವನ್ನು ಬರೆದುಕೊಂಡ. ಸ್ಪೇನಿನಲ್ಲಿ ಮರೆತುಹೋದ ಪಾಠಗಳು ಬಾಲ್ಕನ್ ಬೆಟ್ಟಗಳ ಅಜ್ಜಿಯರ ನೆನಪಿನಲ್ಲಿ ನಾಲ್ಕು ಶತಮಾನ ಉಳಿದಿದ್ದವು. ಓದು ಬರಹ ಸಿಕ್ಕದ ಹೆಂಗಸರು ಮಾಡಿದ ಈ ಕೆಲಸ ಯಾವ ಗ್ರಂಥಭಂಡಾರದ ಕೆಲಸಕ್ಕೂ ಕಡಿಮೆಯದಲ್ಲ.

ಅದನ್ನು ಹೊರಗಿನವರಿಗಿಂತ ಚೆನ್ನಾಗಿ ಅರಿತವರು ಸಾರಯೇವೊದ ಲೇಖಕಿ ಲಾವುರಾ ಪಾಪೊ. ಬೊಹೊರೆತಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು 1891ರಲ್ಲಿ ಹುಟ್ಟಿದವರು. ಅವರು ಲಾಡಿನೊದಲ್ಲಿ ನಾಟಕಗಳನ್ನು ಬರೆದರು, ಹಳೆಯ ಹಾಡುಗಳನ್ನು ಕೂಡಿಹಾಕಿದರು. ಬೊಸ್ನಿಯಾದ ಸೆಫಾರ್ದಿ ಹೆಂಗಸರ ನಡೆನುಡಿ, ಉಡುಗೆ, ಊಟಗಳ ಬಗ್ಗೆ 1930ರ ದಶಕದ ಆರಂಭದಲ್ಲಿ ಒಂದು ದೀರ್ಘ ಬರಹವನ್ನೂ ಸಿದ್ಧಮಾಡಿದರು. ಆ ತಲೆಮಾರಿನ ಅಜ್ಜಿಯರು ಮುಗಿದರೆ ಈ ಬಾಳ್ವೆಯ ರೀತಿಯೂ ಮುಗಿಯುತ್ತದೆ ಎಂಬ ಆತಂಕ ಅವರಿಗಿತ್ತು. ಅಷ್ಟು ಬೇಗ, ಅಷ್ಟು ಕ್ರೂರವಾಗಿ ಮುಗಿಯುತ್ತದೆ ಎಂದು ಯಾರೂ ಎಣಿಸಿರಲಿಲ್ಲ. 1942ರಲ್ಲಿ ಅವರು ತೀರಿಕೊಂಡರು. ಅವರ ಇಬ್ಬರು ಗಂಡುಮಕ್ಕಳನ್ನೂ ಯುದ್ಧ ಕೊಂದಿತು.

ಅಂಥ ಮನೆಗಳಲ್ಲಿ ವಾರವೆಲ್ಲ ಶುಕ್ರವಾರದ ಸಂಜೆಯತ್ತ ಮುಖಮಾಡಿರುತ್ತಿತ್ತು. ಸೂರ್ಯ ಮುಳುಗಿದೊಡನೆ ಸಬ್ಬತ್ ಶುರು. ಆಮೇಲೆ ಶನಿವಾರ ರಾತ್ರಿಯವರೆಗೆ ಒಲೆ ಹೊತ್ತಿಸುವಂತಿಲ್ಲ. ಹೀಗಾಗಿ ಹಿಂದಿನ ಸಂಜೆಯೇ ಒಲೆಗೆ ಇಟ್ಟು ರಾತ್ರಿಯಿಡೀ ಹದವಾದ ಬಿಸಿಯಲ್ಲಿ ಬೇಯಿಸುವ ಅಡುಗೆಗಳು ಹುಟ್ಟಿದವು. ಈರುಳ್ಳಿ ಸಿಪ್ಪೆಯ ಜೊತೆ ಹಾಗೆ ಬೆಂದ ಮೊಟ್ಟೆಯ ಚಿಪ್ಪು ಕಂದುಬಣ್ಣಕ್ಕೆ ತಿರುಗುತ್ತದೆ, ಒಳಗಿನ ಬಿಳಿಯೂ ಕಂದಾಗುತ್ತದೆ. ಸೆಫಾರ್ದಿ ಮನೆಯ ಶನಿವಾರದ ಬೆಳಗಿನ ಊಟಕ್ಕೆ ಗುರುತು ಆ ಮೊಟ್ಟೆ. ಹನುಕ್ಕಾ ಹಬ್ಬದಲ್ಲಿ ಎಂಟು ರಾತ್ರಿ, ದಿನಕ್ಕೊಂದು ಹೆಚ್ಚಿಸುತ್ತ ದೀಪ ಹಚ್ಚುವುದು, ಎಣ್ಣೆಯಲ್ಲಿ ಕರಿದು ಜೇನು ಸುರಿದ ಬಿಮ್ವೆಲೊ ತಿನ್ನುವುದು. ಪೇಸಾಹ್ ಹಬ್ಬಕ್ಕೆ ಮುಂಚೆ ಮನೆಯಲ್ಲಿ ಹುಳಿಹಿಟ್ಟಿನ ಒಂದು ಚೂರೂ ಉಳಿಯದಂತೆ ಮೂಲೆಮೂಲೆ ತೊಳೆಯುವುದು, ಹಬ್ಬದ ರಾತ್ರಿ ಈಜಿಪ್ಟಿನಿಂದ ಬಿಡುಗಡೆಯಾದ ಕಥೆಯನ್ನು ಹೀಬ್ರೂವಿನಲ್ಲಿ ಓದಿ, ಹೆಂಗಸರಿಗೂ ಮಕ್ಕಳಿಗೂ ತಿಳಿಯಲೆಂದು ಲಾಡಿನೊದಲ್ಲೂ ಹೇಳುವುದು. ಹಳೆಯ ಕಾಲದ ಮುತ್ತೈದೆಯರು ತಲೆಗೆ ತೊಕಾದೊ ಎಂಬ ಪುಟ್ಟ ಟೊಪ್ಪಿ ಧರಿಸುತ್ತಿದ್ದರು. ಅದರ ಮುಂಭಾಗಕ್ಕೆ, ಹಣೆಯ ಮೇಲೆ ಬರುವಂತೆ, ಚಿನ್ನದ ನಾಣ್ಯಗಳ ಸಾಲು ಹೊಲಿದಿರುತ್ತಿತ್ತು. ಎರಡು ಯುದ್ಧಗಳ ನಡುವಿನ ಕಾಲಕ್ಕೆ ಎಳೆಯ ಹೆಣ್ಣುಮಕ್ಕಳು ಅದನ್ನು ಬಿಟ್ಟಿದ್ದರು.

ಫ್ಲೋರಾ ಪಾಪೊ (ಮೊಮ್ಮಗಳ ಹುಟ್ಟುಹೆಸರು ಇದು) ಈ ಲೋಕಕ್ಕೆ ಬಂದದ್ದು ಒಂದು ಒಡೆದ ಸಂಸಾರದಿಂದ. ತಾಯಿ ರೋಸಾ ಗಂಡನಿಂದ ಬೇರಾಗಿ ಮಗುವಿನೊಂದಿಗೆ ವ್ಲಾಸೆನಿತ್ಸಾದ ತವರಿಗೆ ಬಂದರು. ಅಲ್ತಾರಾತ್ಸ್ ಮನೆತನ ಹಾಡಿಗೂ ವಾದ್ಯಕ್ಕೂ ಹೆಸರಾಗಿತ್ತು. ಮನೆತುಂಬ ಸೋದರಮಾವಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರು. ನಡುವೆ ನೋನಾ. ರೋಸಾ ಮರುಮದುವೆಯಾಗಿ ಝಾಗ್ರೆಬ್ ನಗರಕ್ಕೆ ಹೋದ ಮೇಲೂ ಹುಡುಗಿ ಕೆಲಕಾಲ ಅಜ್ಜಿಯ ಬಳಿಯೇ ಉಳಿಯಿತು. ತಾಯಿ ದೂರವಿದ್ದ ಮಗುವಿಗೆ ಅಜ್ಜಿಯ ಹಾಡು ಮನರಂಜನೆ ಆಗಿರಲಿಲ್ಲ, ಆಸರೆಯಾಗಿತ್ತು. ಅದು ಮುಂದಿನ ಕಥೆಯಿಂದ ಸ್ಪಷ್ಟವಾಗುತ್ತದೆ. ನೋನಾ ಯಾವುದನ್ನೂ ಪಾಠದಂತೆ ಕಲಿಸಲಿಲ್ಲ. ಕೆಲಸ ಮಾಡುತ್ತ ಹಾಡಿದರು, ಹಬ್ಬ ಬಂದಾಗ ಹಾಡಿದರು, ಹುಡುಗಿ ಕೇಳಿ ಕೇಳಿ ಕಲಿಯಿತು.

ಮುಂದೆ ಹುಡುಗಿ ಝಾಗ್ರೆಬ್‌ನಲ್ಲಿ ತಾಯಿಯ ಮನೆ ಸೇರಿತು. ಮಲತಂದೆ ಕಬಿಲ್ಯೊ ನೆಕ್‌ಟೈ ಉದ್ಯಮದವರು. ಅವರ ಮನೆತನದ ಹೆಸರೇ ಫ್ಲೋರಾಳ ಹೆಸರಿಗೂ ಸೇರಿತು. ಅಲ್ಲಿ ಅಕಾರ್ಡಿಯನ್ ನುಡಿಸುವುದನ್ನು ಕಲಿತಳು. ಆ ವಾದ್ಯ 1941ರಲ್ಲಿ ಅವಳ ಜೀವ ಉಳಿಸಿತು. ಆ ವರ್ಷದ ಏಪ್ರಿಲ್ 6ರಂದು ಜರ್ಮನಿ ಯುಗೊಸ್ಲಾವಿಯಾದ ಮೇಲೆ ಬಿತ್ತು. ಏಪ್ರಿಲ್ 10ರಂದು ಝಾಗ್ರೆಬ್‌ನಲ್ಲಿ ಉಸ್ತಾಷಾ ಪಕ್ಷದ ಕೈಗೊಂಬೆ ಸರ್ಕಾರ ಘೋಷಣೆಯಾಯಿತು. ಬೊಸ್ನಿಯಾವೂ ಅದರ ಕೈಗೆ ಬಿತ್ತು. ಯಹೂದಿಗಳು ಹಳದಿ ಗುರುತು ಧರಿಸಬೇಕೆಂಬ ಕಾನೂನು ಬಂತು. ಮಲತಂದೆ ಯಹೂದಿಯಲ್ಲದ ಹೆಸರಿನಲ್ಲಿ ಸ್ಪ್ಲಿಟ್ ಬಂದರಿಗೆ ರೈಲು ಟಿಕೆಟ್ ಕೊಂಡು, ಹದಿನೇಳರ ಹುಡುಗಿಯನ್ನು ಒಂಟಿಯಾಗಿ ರೈಲು ಹತ್ತಿಸಿದರು. ಅವಳು ಹಳದಿ ಗುರುತು ಕಿತ್ತು, ದಾರಿಯುದ್ದಕ್ಕೂ ಅಕಾರ್ಡಿಯನ್ ನುಡಿಸಿದಳು. ಬೋಗಿಯವರೆಲ್ಲ ದನಿಗೂಡಿಸಿ ಹಾಡಿದರು, ರೈಲಿನ ಕಂಡಕ್ಟರೂ ಹಾಡಿದ. ಅವಳ ಕಾಗದಪತ್ರ ಯಾರೂ ಕೇಳಲಿಲ್ಲ. ಹಾಡುವ ಮನೆತನದಲ್ಲಿ ಬೆಳೆದದ್ದಕ್ಕೆ ಅಂದು ಸಿಕ್ಕ ಫಲ ಅದು.

ಕೆಲವು ದಿನಗಳಲ್ಲಿ ತಾಯಿಯೂ ಮಲತಂದೆಯೂ ಬಂದು ಕೂಡಿಕೊಂಡರು. ಇಟಲಿಯ ಸೈನ್ಯದ ಹಿಡಿತದಲ್ಲಿದ್ದ ಸ್ಪ್ಲಿಟ್‌ನಿಂದ ಅವರನ್ನು ಕೊರ್ಚುಲಾ ದ್ವೀಪಕ್ಕೆ ಸಾಗಿಸಿದರು. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದ ಮೇಲೆ ದೋಣಿಯಲ್ಲಿ ಸಮುದ್ರ ದಾಟಿ ಬಾರಿ ಪಟ್ಟಣ ಮುಟ್ಟಿದರು. ಅಲ್ಲಿ ಅಮೆರಿಕದ ಸೈನಿಕ ಹ್ಯಾರಿ ಜಗೋಡಾ ಅವರ ಪರಿಚಯವಾಯಿತು. 1945ರ ಜೂನ್‌ನಲ್ಲಿ ಮದುವೆ. ಮದುಮಗಳ ಬಿಳಿಯ ಉಡುಪನ್ನು ಪ್ಯಾರಾಷೂಟಿನ ಬಟ್ಟೆಯಲ್ಲಿ ಹೊಲಿದಿದ್ದರು. ಮರುವರ್ಷ ಫ್ಲೋರಿ ಅಮೆರಿಕಕ್ಕೆ ಹೋದರು.

ನೋನಾ ಉಳಿಯಲಿಲ್ಲ. ವ್ಲಾಸೆನಿತ್ಸಾದಲ್ಲಿ ಅಲ್ತಾರಾತ್ಸ್ ಕುಟುಂಬದ 42 ಮಂದಿಯನ್ನು ಕೊಂದು ಒಟ್ಟಿಗೆ ಹೂತರು. ಸೋದರಮಾವಂದಿರು, ಅತ್ತೆಯಂದಿರು, ಅವರ ಮಕ್ಕಳು, ಹಾಡಿಗೆ ದನಿಗೂಡಿಸಿದವರೆಲ್ಲರೂ ಹೋದರು. ಯುದ್ಧಕ್ಕೆ ಮುಂಚೆ ಬೊಸ್ನಿಯಾದಲ್ಲಿ ಸುಮಾರು 14,000 ಯಹೂದಿಗಳಿದ್ದರು. ಅವರಲ್ಲಿ ಬಹುಪಾಲು ಜನ ಸತ್ತರು. 42 ಎಂಬುದು ಆ ಲೆಕ್ಕದಲ್ಲಿ ಬಹಳ ಸಣ್ಣ ಸಂಖ್ಯೆ. ಒಂದು ಮನೆಯ ಲೆಕ್ಕದಲ್ಲಿ ಅದರಾಚೆಗೆ ಯಾರೂ ಇಲ್ಲ.

ತಾಯಿ ರೋಸಾ ಮುಂದೆ ಅಮೆರಿಕಕ್ಕೆ ಬಂದು ಮಗಳ ಹತ್ತಿರ ನೆಲೆಸಿದರು. ಅವರಿಗೆ ಆ ಹಾಡುಗಳನ್ನು ಕೇಳಲು ಆಗುತ್ತಿರಲಿಲ್ಲ. ಪ್ರತಿ ಹಾಡಿನ ಹಿಂದೆ ಹಾಡಿದವರ ಮುಖವಿತ್ತು, ಪ್ರತಿ ಮುಖದ ಹಿಂದೆ ಆ ಗುಂಡಿ ಇತ್ತು. ತಾಯಿ ಬದುಕಿರುವವರೆಗೂ ಫ್ಲೋರಿ ಮನೆಯಲ್ಲಿ ಲಾಡಿನೊ ಹಾಡು ಎತ್ತಲಿಲ್ಲ. ಸುಮಾರು ಕಾಲು ಶತಮಾನದ ಮೌನ ಅದು. ನೆನಪನ್ನು ಕಾಪಾಡುವುದೆಂದರೆ ಸದಾ ಅದನ್ನು ಆಡುತ್ತಿರುವುದು ಎಂದು ತಿಳಿದವರಿಗೆ ಈ ಮೌನ ತಪ್ಪಾಗಿ ಕಾಣಬಹುದು. ಆದರೆ ಬದುಕಿರುವ ತಾಯಿಯ ಗಾಯವನ್ನು ಕೆದಕದೆ ಕಾದ ಮಗಳು ಸತ್ತ ಅಜ್ಜಿಗೆ ದ್ರೋಹ ಮಾಡಲಿಲ್ಲ. ಅವರ ಹಾಡುಗಳಲ್ಲಿ ಎಲ್ಲೂ ಕಹಿ ಇಲ್ಲದಿರುವುದಕ್ಕೆ ಆ ಕಾಯುವಿಕೆಯೂ ಕಾರಣವಿರಬೇಕು.

1970ರ ದಶಕದಲ್ಲಿ ತಾಯಿ ತೀರಿಕೊಂಡ ಮೇಲೆ, ಐವತ್ತರ ಆಸುಪಾಸಿನಲ್ಲಿದ್ದ ಫ್ಲೋರಿ ಗಿಟಾರ್ ಹಿಡಿದು ಅಜ್ಜಿಯ ಹಾಡುಗಳನ್ನು ಬರೆದಿಡಲು ಕುಳಿತರು. ಕೆಲವು ಇಡಿಯಾಗಿ ನೆನಪಿದ್ದವು. ಕೆಲವಕ್ಕೆ ಧಾಟಿ ಇತ್ತು, ಪದ ಅರೆಬರೆ. ಇನ್ನು ಕೆಲವಕ್ಕೆ ನೆನಪಿನಲ್ಲಿ ಇದ್ದದ್ದು ಹಾಡಲ್ಲ, ಹಾಡಿದ ಹೊತ್ತು: ಹಬ್ಬದ ಸಡಗರ, ಬಾದಾಮಿ ಜೇನಿನ ತಿನಿಸು, ಒಟ್ಟಿಗೆ ಸೇರಿದ ಹೆಂಗಸರ ಮಾತು. ಅಂಥ ಕಡೆ ಅವರು ಹೊಸ ಹಾಡು ಕಟ್ಟಿದರು. ಧ್ವನಿಸುರುಳಿಗಳ ಹೆಸರಲ್ಲೇ ಅಜ್ಜಿ ಬಂದರು. 'ಕಾಂತಿಕಾಸ್ ದಿ ಮಿ ನೋನಾ' ಎಂದರೆ ನನ್ನಜ್ಜಿಯ ಹಾಡುಗಳು, 'ಲಾ ನೋನಾ ಕಾಂತಾ' ಎಂದರೆ ಅಜ್ಜಿ ಹಾಡುತ್ತಾರೆ. ಎಷ್ಟು ಅಜ್ಜಿಯದು, ಎಷ್ಟು ಮೊಮ್ಮಗಳದು ಎಂದು ವಿಂಗಡಿಸುವುದು ಸಂಶೋಧಕರಿಗೆ ಬೇಕಾದೀತು. ಬಾಯಿಂದ ಬಾಯಿಗೆ ಬಂದ ಸಂಪ್ರದಾಯದಲ್ಲಿ ಆ ಗೆರೆ ಯಾವತ್ತೂ ಇರಲಿಲ್ಲ. ನೋನಾ ಕೂಡ ತಮ್ಮ ಅಜ್ಜಿಯಿಂದ ಕಲಿತದ್ದಕ್ಕೆ ತಮ್ಮದೊಂದು ಸಾಲು ಸೇರಿಸದೆ ಇದ್ದಿರಲಾರರು.

1983ರಲ್ಲಿ ಕಟ್ಟಿದ 'ಓಚೊ ಕಾಂದೆಲಿಕಾಸ್' ಇದಕ್ಕೆ ಒಳ್ಳೆಯ ನಿದರ್ಶನ. ಹೆಸರಿನ ಅರ್ಥ ಎಂಟು ಪುಟ್ಟ ಮೋಂಬತ್ತಿಗಳು. ಹನುಕ್ಕಾದ ದೀಪಗಳನ್ನು ಒಂದೊಂದಾಗಿ ಎಣಿಸುವ ಮಗುವಿನ ಹಾಡು ಅದು. ಇಂದು ಹಲವು ದೇಶಗಳ ಶಾಲೆಗಳಲ್ಲೂ ಗಾಯನಗೋಷ್ಠಿಗಳಲ್ಲೂ ಅದನ್ನು ಹಾಡುತ್ತಾರೆ, ಶತಮಾನಗಳ ಹಿಂದಿನ ಜನಪದಗೀತೆ ಎಂದು ನಂಬಿದವರೂ ಬಹಳ. ತಪ್ಪು ನಂಬಿಕೆಯಾದರೂ ಹಾಡು ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇರೆ ಇಲ್ಲ. ಹಾಡಿನಲ್ಲಿ ಬರುವ ಮಗುವಿನ ಹಿಗ್ಗು ವ್ಲಾಸೆನಿತ್ಸಾದ ಮನೆಯದೇ.

ಇನ್ನೊಂದು ಹಾಡು ಬೀಗದ ಕೈಯದು. ಸ್ಪೇನ್ ಬಿಟ್ಟಾಗ ಮನೆಗೆ ಬೀಗ ಹಾಕಿ ಕೈ ತೆಗೆದುಕೊಂಡು ಬಂದೆವು, ತಲೆಮಾರಿನಿಂದ ತಲೆಮಾರಿಗೆ ಕೊಟ್ಟೆವು ಎಂಬ ಐತಿಹ್ಯ ಸೆಫಾರ್ದಿ ಮನೆಗಳಲ್ಲಿ ವ್ಯಾಪಕವಾಗಿದೆ. ಫ್ಲೋರಿಯವರ ಹಾಡು ಆ ಕೈ ಎಲ್ಲಿ ಎಂದು ಹುಡುಕುತ್ತದೆ. 2015ರಲ್ಲಿ ಸ್ಪೇನ್ ಕಾನೂನು ಮಾಡಿ, ಹೊರಹಾಕಿದವರ ಸಂತತಿಗೆ ಪೌರತ್ವದ ಅವಕಾಶ ಕೊಟ್ಟಿತು. ಐನೂರಕ್ಕೂ ಹೆಚ್ಚು ವರ್ಷ ತಡವಾಗಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಬೊಸ್ನಿಯಾದಲ್ಲಿ ಬೀಗದ ಕೈ ಹಿಡಿದು ಬರಬೇಕಾದವರಲ್ಲಿ ಹೆಚ್ಚಿನವರು ಇರಲಿಲ್ಲ.

ಸೆಫಾರ್ದಿಗಳ ಜೊತೆ ಸ್ಪೇನಿನಿಂದ ಬಂದ ವಸ್ತುಗಳಲ್ಲಿ ಲೋಕಪ್ರಸಿದ್ಧವಾದದ್ದು ಸಾರಯೇವೊ ಹಗ್ಗದಾ. ಸುಮಾರು 1350ರಲ್ಲಿ ಸ್ಪೇನಿನ ಈಶಾನ್ಯ ಭಾಗದಲ್ಲಿ ಬರೆದ, ಚಿನ್ನದ ಬಣ್ಣದ ಚಿತ್ರಗಳಿರುವ ಪೇಸಾಹ್ ಹಬ್ಬದ ಹೊತ್ತಗೆ ಅದು. 1942ರಲ್ಲಿ ವಸ್ತುಸಂಗ್ರಹಾಲಯದ ಮುಸ್ಲಿಂ ಗ್ರಂಥಪಾಲಕ ದೆರ್ವಿಷ್ ಕೊರ್ಕುತ್ ಜೀವದ ಹಂಗು ತೊರೆದು ಅದನ್ನು ನಾಜಿಗಳ ಕೈಗೆ ಸಿಗದಂತೆ ಬಚ್ಚಿಟ್ಟರು. 1992ರಿಂದ ನಡೆದ ಸಾರಯೇವೊ ಮುತ್ತಿಗೆಯಲ್ಲೂ ಅದು ಉಳಿಯಿತು. ಅದರ ಬಗ್ಗೆ ಗ್ರಂಥಗಳಿವೆ, ಅದಕ್ಕೆ ಗಾಜಿನ ಪೆಟ್ಟಿಗೆ ಇದೆ, ಅದೆಲ್ಲ ಸಲ್ಲತಕ್ಕದ್ದೇ. ಆದರೆ ಅದೇ ದಾರಿಯಲ್ಲಿ ಅಷ್ಟೇ ದೂರ ಬಂದ ಹಾಡುಗಳಿಗೆ ಪೆಟ್ಟಿಗೆ ಇರಲಿಲ್ಲ. ನೋನಾನಂಥವರ ನೆನಪೇ ಅವುಗಳ ರಟ್ಟು, ಅದೇ ಕಾಗದ. ಅವರನ್ನು ಬಚ್ಚಿಡಲು ಯಾರೂ ಸಿಗಲಿಲ್ಲ. ವ್ಲಾಸೆನಿತ್ಸಾದಲ್ಲಿ ಕಳೆದುಹೋದದ್ದು ಎಷ್ಟು ಹಾಡು ಎಂಬುದಕ್ಕೆ ಪಟ್ಟಿ ಇಲ್ಲ.

ಫ್ಲೋರಿ ಆ ಗುಂಡಿಯ ಬಗ್ಗೆಯೂ ಹಾಡಿದರು, ಬಹಳ ತಡವಾಗಿ. ಅಲ್ತಾರಾತ್ಸ್ ಮನೆಯವರನ್ನು ಹೂತ ಜಾಗದ ಗುರುತಾಗಿ ಒಂದು ಮರ ನಿಂತಿತ್ತು. 'ಅರ್ವೊಲಿಕೊ', ಎಂದರೆ ಪುಟ್ಟ ಮರ, ಎಂಬ ಹೆಸರಿನ ಧ್ವನಿಸುರುಳಿ 2006ರಲ್ಲಿ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ನಲವತ್ತೆರಡು ಜನರ ಮೇಲೆ ನಿಂತ ಮರಕ್ಕೂ ಅವರು ನೋನಾನ ಭಾಷೆಯ ಮುದ್ದಿನ ಪ್ರತ್ಯಯವನ್ನೇ ಹಚ್ಚಿದರು. ಆ ಮರದ ಕೆಳಗೆ ಇರುವವರು ಅವರಿಗೆ ಮನೆಯವರು, ಎತ್ತಿ ಆಡಿಸಿದವರು.

ಅಮೆರಿಕ ಸರ್ಕಾರ 2002ರಲ್ಲಿ ಜನಪದ ಕಲಾವಿದರಿಗೆ ಕೊಡುವ ರಾಷ್ಟ್ರೀಯ ಗೌರವವನ್ನು ಫ್ಲೋರಿಯವರಿಗೆ ಕೊಟ್ಟಿತು. ಅದರ ಆಸುಪಾಸಿನಲ್ಲೇ ವರ್ಜೀನಿಯಾ ರಾಜ್ಯದ ಗುರು-ಶಿಷ್ಯ ಯೋಜನೆಯಲ್ಲಿ ಸೂಸನ್ ಗಾಯ್ಟಾ ಎಂಬ ಗಾಯಕಿ ಅವರ ಬಳಿ ಕಲಿಯಲು ಬಂದರು. ಕಲಿಕೆ ನಡೆದದ್ದು ನೋನಾ ಕಲಿಸಿದ ರೀತಿಯಲ್ಲೇ: ಎದುರು ಕುಳಿತು, ಹಾಡಿ, ಮತ್ತೆ ಹಾಡಿಸಿ. 2021ರಲ್ಲಿ ಫ್ಲೋರಿ ಕಣ್ಮುಚ್ಚುವ ಹೊತ್ತಿಗೆ, ವ್ಲಾಸೆನಿತ್ಸಾದ ಆ ಮನೆಯಲ್ಲಿ ಹಾಡಿದ್ದನ್ನು ಅಲ್ಲಿ ಹುಟ್ಟದವರೂ ಹಾಡುತ್ತಿದ್ದರು.